ಅಡಿಯಿಲ್ಲದ ಕಟ್ಟ

ಮೂರನೆಯ ನೀರು ಚೆಲ್ಲಿ ನಾಲ್ಕನೆಯ ಕೊಡ ಸುರಿದರೂ ಚಿಪ್ಪಿನ ವಾಸನೆ ಹೋಗಲಿಲ್ಲ. ನಾಗು ಬಾವಿಕಟ್ಟೆಯ ಪಕ್ಕ ಕುಕ್ಕರುಗಾಲಿನಲ್ಲಿ ಕುಳಿತು, ಬೆಳಿಗ್ಗೆ ಹೊಳೆಯಿಂದ ಹೆಕ್ಕಿ ತಂದ ಕಪ್ಪೆಚಿಪ್ಪುಗಳನ್ನು ಎರಡೂ ಅಂಗೈಯಲ್ಲಿ ಬಾಚಿ ಒಂದಕ್ಕೊಂದು ಉಜ್ಜುತ್ತಲೇ ಇದ್ದಳು. ಕೆಸರಿನ ವಾಸನೆ ಅವಳಿಗೆ ಹೊಸತಲ್ಲ, ಅದು ಎರಡು ನೀರಿಗೆ ಹೋಗುತ್ತದೆ. ಇದು ಬೇರೆ, ಗ್ಯಾರೇಜಿನ ಮುಂದೆ ಹಾದುಹೋಗುವಾಗ ಮೂಗಿಗೆ ಹೊಡೆಯುವಂಥದ್ದು. ಪಾತ್ರೆಯ ನೀರಿನ ಮೇಲೆ ನವಿಲುಗರಿಯ ಬಣ್ಣದ ತೆಳ್ಳನೆಯ ಪರೆ ಎದ್ದು, ಬಿಸಿಲಿಗೆ ಹೊಳೆದು, ಅಂಚಿಗೆ ಹೋಗಿ ಅಂಟಿಕೊಂಡಿತು. ನೋಡಲಿಕ್ಕೆ ಚೆಂದವೇ. ಆದರೆ ತಿನ್ನುವ ಪದಾರ್ಥದ ಮೇಲೆ ಅಂಥ ಚೆಂದ ಯಾರಿಗೂ ಬೇಡ.

ಅದು 2003ನೆಯ ಇಸವಿಯ ಏಪ್ರಿಲ್. ಹಿಂದಿನ ದಿನ ಸಂಜೆಯಷ್ಟೇ ಕುಂದಾಪುರಕ್ಕೆ ಆ ವರ್ಷದ ಮೊದಲ ಮಳೆ ಬಂದು ಹೋಗಿತ್ತು.

ಪಕ್ಕದ ಮನೆಯ ಪದ್ದು ತನ್ನ ಬುಟ್ಟಿಯನ್ನು ಹಾಗೇ ತಲೆಯ ಮೇಲೆ ಹೊತ್ತು ಮಾರ್ಕೆಟ್ಟಿನಿಂದ ವಾಪಸು ಬಂದಳು. ಕೊಳ್ಳುವವರು ಮೂಸಿ ನೋಡಿ ಬುಟ್ಟಿ ಸರಿಸಿದರಂತೆ. ಪಡುಕೇರಿಯ ಚಿಪ್ಪು ಎಂದರೆ ಕೇಳಿ ಬರುತ್ತಿದ್ದವರು ಈಗ ಪಡುಕೇರಿಯದ್ದಾದರೆ ಬೇಡ ಅಂದರಂತೆ. ಪದ್ದುವಿನ ಬಾಯಿ ಜೋರು, ಸುಲಭಕ್ಕೆ ಸುಮ್ಮನಾಗುವವಳಲ್ಲ. ಅವತ್ತು ಮಾತ್ರ ಬುಟ್ಟಿ ಇಳಿಸಿ, ನಾಗುವಿನ ಪಕ್ಕದಲ್ಲಿ ತಾನೂ ಚಿಪ್ಪು ಉಜ್ಜಲು ಕುಳಿತಳು.

ಹೊಳೆಬದಿಯ ಆ ಪಡುಕೇರಿಯಲ್ಲಿ ಚಿಪ್ಪು ಹೆಕ್ಕುವವರು ಹನ್ನೊಂದು ಮಂದಿ ಹೆಂಗಸರು. ಇಳಿತದ ಹೊತ್ತಿಗೆ ಸೊಂಟದ ನೀರಿನಲ್ಲಿ ನಿಂತು, ಮರಳಿನೊಳಗೆ ಕಾಲಿನ ಬೆರಳಾಡಿಸಿ, ಸಿಕ್ಕಿದ್ದನ್ನು ಬೆರಳಿನಿಂದಲೇ ಎತ್ತಿ ಬುಟ್ಟಿಗೆ ಹಾಕುವುದು ಅವರ ಕಸುಬು. ಅವರು ಹೆಕ್ಕುವ ಮರಳ ದಿಬ್ಬ ಇದ್ದದ್ದು ಪೇಟೆಯ ಮಳೆನೀರು ಹರಿದು ಬರುವ ತೋಡು ಹೊಳೆಗೆ ಸೇರುವ ಜಾಗದಲ್ಲಿ. ಸಿಹಿನೀರು ಉಪ್ಪುನೀರು ಎರಡೂ ಕೂಡುವಲ್ಲಿ ಚಿಪ್ಪು ದಪ್ಪವಾಗಿ ಬೆಳೆಯುತ್ತದೆ. ನಾಗುವಿನ ಅತ್ತೆ ಹೆಕ್ಕಿದ್ದು ಅದೇ ದಿಬ್ಬದಲ್ಲಿ, ಅತ್ತೆಯ ಅತ್ತೆಯೂ ಅಲ್ಲೇ. ಐವತ್ತೆರಡು ದಾಟಿದ ನಾಗುವೇ ಈಗ ಹನ್ನೊಂದು ಮಂದಿಯಲ್ಲಿ ಹಿರಿಯಳು. ದಿಬ್ಬ ತನ್ನ ಕಾಲಕ್ಕೆ ಸತ್ತಿತು ಅನ್ನಿಸಿಕೊಳ್ಳಲಿಕ್ಕೆ ಅವಳ ಮನಸ್ಸು ಒಪ್ಪಲಿಲ್ಲ. ಮರುದಿನ ಸೀರೆ ಬದಲಿಸಿ, ಎಣ್ಣೆಯ ಪರೆ ಕಟ್ಟಿದ ನೀರನ್ನು ಒಂದು ಬಾಟಲಿಯಲ್ಲಿ ತುಂಬಿಕೊಂಡು ಪುರಸಭೆಯ ಕಚೇರಿಗೆ ಹೋದಳು.

ಕಚೇರಿಗೆ ಹೊಸತಾಗಿ ಬಂದಿದ್ದ ಇಂಜಿನಿಯರ್ ಪ್ರೇಮಾನಂದ ಘಟ್ಟದ ಮೇಲಿನವನು, ಹೊಳೆಬದಿಯ ಊರಿನಲ್ಲಿ ಅವನಿಗೆ ಅದು ಮೊದಲ ಕೆಲಸ. ಬಾಟಲಿಯನ್ನು ಕಿಟಕಿಗೆ ಹಿಡಿದು ನೋಡಿದ. ಆಮೇಲೆ ಅವಳ ಜೊತೆಗೇ ನಡೆದು ಬಂದು, ತೋಡಿನ ಉದ್ದಕ್ಕೂ ಬಸ್‌ಸ್ಟ್ಯಾಂಡಿನವರೆಗೆ ಹೋಗಿ ಬಂದ. ತೋಡಿಗೆ ಯಾರೂ ಕೊಳಕು ಬಿಟ್ಟಿರಲಿಲ್ಲ. ಬಿಟ್ಟಿದ್ದರೆ ಒಬ್ಬನನ್ನು ಹಿಡಿದು ಬೈಯಬಹುದಿತ್ತು.

"ಅಮ್ಮಾ, ಇದು ಒಬ್ಬರ ಕೊಳಕಲ್ಲ, ಇಡೀ ಪೇಟೆಯದ್ದು. ದೂರು ಯಾರ ಮೇಲೆ ಕೊಡ್ತೀರಿ?" ಅಂದ.

"ದೂರ್ ಕೊಡುಕೆ ಬಂದದ್ದಲ್ಲ ಸಾರ್," ಅಂದಳು ನಾಗು. "ಮೊದ್ಲ್ ಮಳಿ ನೀರನ್ನ ಹಿಡ್ದ್ ನಿಲ್ಸುಕೆ ಆತ್ತಾ ಅಂತ ಕೇಂಬುಕೆ ಬಂದದ್."

ಪ್ರೇಮಾನಂದ ಅವಳ ಮುಖ ನೋಡಿದ. ಅವನು ಓದಿದ ಪುಸ್ತಕದಲ್ಲಿ ಇದ್ದದ್ದೂ ಅದೇ. ಮಳೆಯಿಲ್ಲದ ತಿಂಗಳುಗಳಲ್ಲಿ ಬಸ್ಸು ಲಾರಿಗಳಿಂದ ತೊಟ್ಟಿಕ್ಕಿದ ಎಣ್ಣೆ, ಟಯರು ಸವೆದ ಪುಡಿ, ಬ್ರೇಕಿನ ಕರಿ, ಹಂದಿ ನಾಯಿ ದನದ ಹೊಲಸು ಎಲ್ಲ ಡಾಂಬರಿನ ಮೇಲೆ ಕೂತಿರುತ್ತದೆ. ಮೊದಲ ಒಂದೆರಡು ಮಳೆ ಅದನ್ನು ಒಟ್ಟಿಗೆ ತೊಳೆದು ತರುತ್ತದೆ. ಆಮೇಲಿನ ನೀರು ಅಷ್ಟು ಕೆಟ್ಟದ್ದಲ್ಲ. ಇದನ್ನು ಓದದ ಹೆಂಗಸಿಗೆ ಹೇಗೆ ಗೊತ್ತು ಎಂದು ಅವನಿಗೆ ಆಶ್ಚರ್ಯ. ನಾಗುವಿಗೆ ಅವನ ಆಶ್ಚರ್ಯವೇ ಆಶ್ಚರ್ಯ. ಮೊದಲ ಮಳೆಗೆ ಮಾಡಿನ ನೀರನ್ನು ಯಾರಾದರೂ ಹಂಡೆಗೆ ಹಿಡಿಯುತ್ತಾರೆಯೆ? ಹಂಚಿನ ಮೇಲಿನ ಧೂಳು, ಕಾಗೆಯ ಹಿಕ್ಕೆ ಎಲ್ಲ ತೊಳೆದು ಹೋಗಲಿ ಎಂದು ಬಿಡುತ್ತಾರೆ. ಪೇಟೆಗೆ ರಸ್ತೆಯೇ ಹಂಚಿನ ಮಾಡು. ಅಷ್ಟೇ ಅಲ್ಲವೆ?

ದೊಡ್ಡ ಪಟ್ಟಣಗಳಲ್ಲಾದರೆ ಇಂಥ ನೀರನ್ನು ನಿಲ್ಲಿಸಲಿಕ್ಕೆ ನೆಲದಡಿ ತೊಟ್ಟಿ ಕಟ್ಟುತ್ತಾರೆ, ಇಲ್ಲಿ ಅದಕ್ಕೆ ಜಾಗವೂ ಇಲ್ಲ, ಮಂಜೂರಾತಿಯೂ ಇಲ್ಲ ಎಂದು ಪ್ರೇಮಾನಂದ ಹೇಳಿದ. ನಾಗು ಅವನನ್ನು ತೋಡಿನ ಬಾಯಿಯ ಹತ್ತಿರ ಕರೆದುಕೊಂಡು ಹೋದಳು. ಅಲ್ಲಿ ಹಿಂದೆ ತೆಂಗಿನ ಸಿಪ್ಪೆಯನ್ನು ನಾರಿಗಾಗಿ ಕೊಳೆಹಾಕುತ್ತಿದ್ದ ಅಗಲವಾದ ಹೊಂಡವಿತ್ತು. ತೋಡು ಅದರೊಳಗೆ ಹೊಕ್ಕು ಆ ಕಡೆಯಿಂದ ಹೊಳೆಗೆ ಇಳಿಯುತ್ತಿತ್ತು. ಹೊಂಡದ ಹೊಳೆಯ ಕಡೆಯ ಬಾಯಿಗೆ ಹಲಗೆ ಹಾಕಿದರೆ ನೀರು ನಿಲ್ಲುವುದಿಲ್ಲವೆ, ಗದ್ದೆಗೆ ಉಪ್ಪುನೀರು ನುಗ್ಗದ ಹಾಗೆ ಹೊಳೆಬದಿಯವರೆಲ್ಲ ವರ್ಷ ವರ್ಷ ಹಲಗೆಯ ಕಟ್ಟ ಹಾಕುವುದಿಲ್ಲವೆ, ಬಸ್ರೂರಿನಲ್ಲಿ ಸುಬ್ಬಣ್ಣ ಇದ್ದಾನೆ, ಅವನಿಗೆ ಹೇಳಿ ಕಳಿಸಿದರೆ ಆಯಿತು ಅಂದಳು. ಪ್ರೇಮಾನಂದ ತಲೆ ಕೆರೆದುಕೊಂಡ. ಮೇಲಿನವರಿಗೆ ಬರೆದ. ಒಪ್ಪಿಗೆ ಬರಲಿಕ್ಕೆ ಹತ್ತು ತಿಂಗಳು ಹಿಡಿಯಿತು.

ಬಸ್ರೂರಿನ ಸುಬ್ಬ ಎಂದರೆ ಕಟ್ಟ ಹಾಕುವುದರಲ್ಲಿ ಆ ಕಡೆಗೆಲ್ಲ ಎತ್ತಿದ ಕೈ. ಬ್ರಹ್ಮಾವರದವರೆಗಿನ ಗದ್ದೆಯವರು ಅವನನ್ನು ಕಾದು ಕರೆಸುತ್ತಿದ್ದರು. 2004ರ ಮಾರ್ಚಿನಲ್ಲಿ ಅವನು ಬಂದು, ಹೊಂಡದ ಬಾಯಿಯ ಎರಡು ಬದಿಯ ಕಲ್ಲಿನಲ್ಲಿ ಸೀಳು ಕೊರೆಸಿ, ಹಲಗೆಗಳನ್ನು ಒಂದರ ಮೇಲೊಂದು ಅಡಿಯಿಂದ ಕೂರಿಸುತ್ತ ಬಂದ. ಸಂದಿಗೆಲ್ಲ ಜೇಡಿಮಣ್ಣು ಮೆತ್ತಿದ. ಮುಗಿದ ಮೇಲೆ ಹಲಗೆಗೆ ಕಿವಿಯಿಟ್ಟು ಕೇಳಿ, ಒಂದು ತೊಟ್ಟೂ ಸೋರುವುದಿಲ್ಲ ಎಂದು ಎಲ್ಲರ ಮುಂದೆ ಹೇಳಿದ. ತೆಂಗಿನಕಾಯಿ ಒಡೆದರು. ಹನ್ನೊಂದು ಹೆಂಗಸರೂ ತಲೆಗೆ ಹೂ ಮುಡಿದು ಬಂದಿದ್ದರು.

ಸುದ್ದಿ ಬಸ್ಸಿನ ಬಾಯಲ್ಲಿ ಬೈಂದೂರು ಮುಟ್ಟಿತು. ವಾರದೊಳಗೆ ನಾಗುವಿಗೆ ಒಂದು ಕಾಗದ ಬಂತು. ಜೀವಮಾನದಲ್ಲಿ ತನ್ನ ಹೆಸರು ಬರೆದು ಬಂದ ಮೊದಲ ಕಾಗದ. ಸಾಕ್ಷರತೆಯ ರಾತ್ರಿ ಶಾಲೆಯಲ್ಲಿ ಕಲಿತ ಅಕ್ಷರ ಅವಳಿಗೆ ಅಲ್ಲಿಯವರೆಗೆ ಬಸ್ಸಿನ ಬೋರ್ಡು ಓದಲಿಕ್ಕೆ ಮಾತ್ರ ಉಪಯೋಗಕ್ಕೆ ಬಂದಿತ್ತು. ಬರೆದವಳು ಚಂದ್ರಮತಿ, ಬೈಂದೂರಿನ ಹೊಳೆಯಲ್ಲಿ ಚಿಪ್ಪು ಹೆಕ್ಕುವವಳು. ತಮ್ಮ ಹೊಳೆಗೂ ಪೇಟೆಯ ನೀರು ಬಂದು ಬೀಳುತ್ತದೆ, ನೀವು ಹಲಗೆ ಹಾಕಿ ತಡೆದಿರಂತೆ, ಹೇಗೆಂದು ಬರೆದು ತಿಳಿಸಿದರೆ ನಮ್ಮವರಿಗೂ ಒಂದು ದಾರಿಯಾದೀತು ಎಂದು ಕೇಳಿದ್ದಳು.

ನಾಗು ಒಂದು ಇಡೀ ಮಧ್ಯಾಹ್ನ ಕುಳಿತು ಉತ್ತರ ಬರೆದಳು. 'ನಾವು ಗೆದ್ದೆವು' ಎಂದೇ ಶುರು ಮಾಡಿದ್ದಳು. ನೀಲಿ ಕಾಗದವನ್ನು ಮಡಿಸಿ ಅಂಟು ಹಚ್ಚಿ, ನಾಳೆ ಪೋಸ್ಟಿಗೆ ಹಾಕುವ ಎಂದು ಎತ್ತಿಟ್ಟಳು. ಆವತ್ತೇ ಸಂಜೆ ಗುಡುಗಿ ಮೊದಲ ಮಳೆ ಸುರಿಯಿತು.

ಬೆಳಕು ಹರಿಯುತ್ತಲೇ ಹೊಂಡದ ಹತ್ತಿರ ಹೋದವರಿಗೆ ಕಂಡದ್ದನ್ನು ಹೇಳಬೇಕೆ? ಹೊಂಡ ತುಂಬಿತ್ತು. ತುಂಬಿದ ಮೇಲೆ ನೀರು ಹಲಗೆಯ ತಲೆಯ ಮೇಲಿಂದ ಹರಿದಿತ್ತು. ಎಣ್ಣೆ ಇರುವುದು ನೀರಿನ ಮೇಲೆ. ಹರಿದುಹೋದದ್ದೂ ಮೇಲಿನದ್ದೇ. ಪೇಟೆಯ ಎಣ್ಣೆಯಷ್ಟೂ ಹೊಂಡದಲ್ಲಿ ಒಟ್ಟಾಗಿ, ಕಪ್ಪು ಕಂಬಳಿಯ ಹಾಗೆ ಒಂದೇ ಏಟಿಗೆ ದಿಬ್ಬದ ಮೇಲೆ ಹೋಗಿ ಹಾಸಿಕೊಂಡಿತ್ತು. ಉಪ್ಪುನೀರಿಗೆ ಕಟ್ಟ ಹಾಕಿ ಹಾಕಿ ರೂಢಿಯಾದವರಿಗೆ, ಕಟ್ಟ ಎಂದರೆ ಅಡಿ ಭದ್ರವಾಗಿರಬೇಕು ಎನ್ನುವುದೊಂದೇ ಗೊತ್ತು. ಎಣ್ಣೆ ತೇಲುತ್ತದೆ ಎನ್ನುವುದು ಅಡುಗೆ ಮಾಡುವ ಹನ್ನೊಂದು ಮಂದಿಯಲ್ಲಿ ಒಬ್ಬಳಿಗೂ ಹೊಳೆದಿರಲಿಲ್ಲ. ಇಂಜಿನಿಯರಿಗೂ ಹೊಳೆದಿರಲಿಲ್ಲ, ಆ ಮಾತು ಬೇರೆ.

"ನಾಗಕ್ಕ, ಕಟ್ಟ ಬಾಳ ಬುದ್ವಂತಿಕಿದ್," ಅಂದಳು ಪದ್ದು. "ಒಳ್ಳೆ ನೀರನ್ನೆಲ್ಲ ತಾನಿಟ್ಕಂಡ್ ಎಣ್ಣಿ ಮಾತ್ರ ನಮ್ಗ್ ಕಳ್ಸತ್."

ನಗಬೇಕಾದವರು ನಕ್ಕರು. ನೀಲಿ ಕಾಗದ ಪೋಸ್ಟಿಗೆ ಹೋಗಲಿಲ್ಲ.

ಅವಳು ಮೂರು ದಿನ ಬೆಳಿಗ್ಗೆ ಸಂಜೆ ಆ ಕಟ್ಟದ ಹತ್ತಿರ ಹೋಗಿ ನಿಂತಳು. ಏನು ನೋಡುತ್ತಿದ್ದೇನೆಂದು ಅವಳಿಗೂ ಗೊತ್ತಿರಲಿಲ್ಲ. ಮೂರನೆಯ ದಿನ ಹೊಳೆಯ ಕಡೆಯಿಂದ ಇಳಿದು ಹಲಗೆಯ ಕಾಲಬುಡಕ್ಕೆ ಬಂದಳು. ಸುಬ್ಬ ಮೆತ್ತಿದ ಮಣ್ಣು ಒಂದು ಕಡೆ ಬಿರಿದು, ಅಡಿಯ ಹಲಗೆಯ ಸಂದಿಯಿಂದ ದಾರದಷ್ಟು ನೀರು ಹಾರುತ್ತಿತ್ತು. ಬೊಗಸೆ ಒಡ್ಡಿದಳು. ಮೂಸಿದಳು. ಎಣ್ಣೆಯ ವಾಸನೆಯಿಲ್ಲ. ಕಣ್ಣಿಗೂ ತಿಳಿಯಾಗಿಯೇ ಇತ್ತು. ಇಡೀ ಕಟ್ಟದಲ್ಲಿ ಸರಿಯಾಗಿ ಕೆಲಸ ಮಾಡುತ್ತಿದ್ದದ್ದು ಆ ಒಂದು ಸೋರಿಕೆ ಮಾತ್ರ.

ಅವಳು ಕರೆದು ಅದನ್ನು ತೋರಿಸಿದ ಮೇಲೆ ಪ್ರೇಮಾನಂದ ನೆಲದ ಮೇಲೆ ಕಡ್ಡಿಯಿಂದ ಗೆರೆ ಎಳೆದು ನೋಡಿದ. ಈಗಿರುವ ಕಟ್ಟದ ಮುಂದೆ, ಹೊಂಡದ ಒಳಬದಿಗೆ, ಇನ್ನೊಂದು ಕಟ್ಟ ಬೇಕು. ಅದನ್ನು ಮೇಲಿನಿಂದ ಇಳಿಬಿಡಬೇಕು, ಅಡಿಯಲ್ಲಿ ಒಂದು ಮೊಳ ತೆರೆದಿರಬೇಕು. ನೀರು ಹೊಸದರ ಅಡಿಯಿಂದ ನುಸುಳಿ, ಹಳೆಯದರ ತಲೆ ಹತ್ತಿ ಹೋಗಬೇಕು. ಎಣ್ಣೆಗೆ ಅಡಿಯಿಂದ ನುಸುಳಲಿಕ್ಕೆ ಬರುವುದಿಲ್ಲ, ಒಳಗೇ ಉಳಿಯುತ್ತದೆ. ಹೊಯಿಗೆ ಮರಳು, ಕರಿ ಎಲ್ಲ ಹೊಂಡದ ತಳಕ್ಕೆ ಇಳಿಯುತ್ತದೆ. ಗೆರೆ ಸರಿಯಾಗಿಯೇ ಇತ್ತು. ಹಾಕಬೇಕಾದವನು ಸುಬ್ಬ. ಅವನು ಮುಂಡಾಸು ಬಿಚ್ಚಿ ಹೆಗಲಿಗೆ ಹಾಕಿಕೊಂಡು ಹೊರಟೇಬಿಟ್ಟ.

"ನಲ್ವತ್ ವರ್ಷದಂಗೆ ನಾನ್ ಹಾಕದ್ ಒಂದ್ ಕಟ್ಟೂ ಸೋರಲಿಲ್ಲೆ," ಅಂದ. "ಈಗ ಅಡಿಯೇ ಇಲ್ದಿದ್ ಕಟ್ಟ ಹಾಕಂಬ್ರ್ಯಾ? ಬಸ್ರೂರಂಗೆ ನಾನ್ ಹ್ಯಾಂಗ್ ಮೊಖ ತೋರ್ಸುದ್?"

ಇಂಜಿನಿಯರು ವಿವರಿಸಲು ಹೋದಷ್ಟೂ ಅವನ ಮುಖ ಗಂಟಾಯಿತು. ನಾಗು ಆವತ್ತು ಅವನನ್ನು ಹೋಗಲು ಬಿಟ್ಟಳು. ಒಂದು ವಾರ ಬಿಟ್ಟು ಬಸ್ರೂರಿಗೆ ಹೋದಳು. ಅವನ ಹೆಂಡತಿ ಕೊಟ್ಟ ಕಾಫಿ ಕುಡಿದಳು, ಅವನ ಮೊಣಕಾಲು ನೋವಿನ ಕಥೆ ಕೇಳಿದಳು, ಎದ್ದು ಹೊರಡುವಾಗ ಜಗುಲಿಯ ಮೆಟ್ಟಿಲಲ್ಲಿ ನಿಂತು ಮಾತು ತೆಗೆದಳು.

"ಸೋರ್ದಿದ್ದಂಗೆ ಕಟ್ಟುಕೆ ಇನ್ ನಾಲ್ಕ್ ಜನ ಇದ್ರ್ ಸುಬ್ಬಣ್ಣ. ಎಷ್ಟ್ ಸೋರ್ಕೋ ಅಷ್ಟೇ ಸೋರ್ವಂಗೆ ಕಟ್ಟುಕೆ ನೀನ್ ಬಿಟ್ರೆ ಯಾರ್ ಇದ್ರ್?"

ಸುಬ್ಬ ಅಡಿಕೆ ಕತ್ತರಿಸುತ್ತಲೇ ಇದ್ದ, ತಲೆ ಎತ್ತಲಿಲ್ಲ. ಕೊನೆಗೆ, ಹಲಗೆ ಹಲಸಿನದ್ದೇ ಆಗಬೇಕು, ಬೇರೆ ಮರ ಕೊಟ್ಟರೆ ಮುಟ್ಟುವುದಿಲ್ಲ ಅಂದ. ನಾಗು ಬಸ್ಸು ಹತ್ತಿದ ಮೇಲೆ ಒಬ್ಬಳೇ ನಕ್ಕಳು.

ಮರುವರ್ಷ, 2005ರ ಮೊದಲ ಮಳೆಗೆ ಎರಡು ಕಟ್ಟವೂ ಸಿದ್ಧವಿದ್ದವು. ಬೆಳಿಗ್ಗೆ ನೋಡಿದರೆ ಎಣ್ಣೆ ಒಳಗೆ ದಪ್ಪಕ್ಕೆ ನಿಂತಿದೆ, ಹೊರಗೆ ಹೋಗುವ ನೀರಿನ ಮೇಲೆ ಹೊಳಪೇ ಇಲ್ಲ. ಹೆಂಗಸರು ತೆಂಗಿನ ನಾರಿನ ಸಿಂಬೆ ಮಾಡಿ ಎಣ್ಣೆಯ ಮೇಲೆ ಬಿಟ್ಟರು. ನಾರು ಎಣ್ಣೆಯನ್ನು ಹೀರಿ ಕಪ್ಪಾದ ಮೇಲೆ ಎತ್ತಿ ಡ್ರಮ್ಮಿಗೆ ಹಾಕಿದರು. ಗ್ಯಾರೇಜುಗಳ ಹಳೆ ಎಣ್ಣೆ ಒಯ್ಯುವ ಲಾರಿ ಅದನ್ನೂ ಒಯ್ಯುವಂತೆ ಪ್ರೇಮಾನಂದ ಏರ್ಪಾಡು ಮಾಡಿದ. ತಳದ ಕರಿ ಗೋಡುಮಣ್ಣನ್ನು ಪದ್ದು ತನ್ನ ಮಲ್ಲಿಗೆ ಗಿಡಕ್ಕೆ ಕೇಳಿದಳು. ಅದರಲ್ಲಿ ಸೀಸ ಇರುತ್ತದೆ, ಗಿಡಕ್ಕೂ ಬೇಡ, ಬಾವಿಯ ಹತ್ತಿರವಂತೂ ಬೇಡವೇ ಬೇಡ ಎಂದು ಅವನು ಊರಾಚೆಯ ಸಿಮೆಂಟಿನ ಗುಂಡಿಗೆ ಸಾಗಿಸಿದ.

ಇನ್ನೊಂದು ಕಷ್ಟ ಉಳಿದಿತ್ತು. ಜೂನಿನ ಮಳೆ ಕುಂದಾಪುರದಲ್ಲಿ ಹೇಗೆ ಹೊಡೆಯುತ್ತದೆಂದು ಗೊತ್ತಲ್ಲ. ಆಗಲೂ ಹಲಗೆ ಇಟ್ಟರೆ ನೀರು ಪೇಟೆಗೇ ತಿರುಗುತ್ತದೆ. ಬೇಗ ಎತ್ತಿದರೆ ಕೊಳಕು ಹೊಳೆಗೆ ಹೋಗುತ್ತದೆ. ಯಾವಾಗ ಎತ್ತುವುದು? ಅದಕ್ಕೆ ನಾಗು ಒಂದು ಉಪಾಯ ಕಂಡುಕೊಂಡಿದ್ದಳು. ತೋಡಿನ ನೀರನ್ನು ಗಾಜಿನ ಬಾಟಲಿಗೆ ತುಂಬಿ, ಹಿಂದೆ ಕ್ಯಾಲೆಂಡರಿನ ಹಾಳೆ ಹಿಡಿಯುವುದು. ತಿಂಗಳ ಹೆಸರು ಮಾತ್ರ ಕಂಡರೆ ಹಲಗೆ ಇರಲಿ. ತಿಥಿ ನಕ್ಷತ್ರದ ಸಣ್ಣ ಅಕ್ಷರವೂ ಓದಲಿಕ್ಕೆ ಬಂದರೆ ಎತ್ತಬಹುದು.

ಜೂನ್ ಎರಡನೆಯ ವಾರ ಬಸ್‌ಸ್ಟ್ಯಾಂಡಿನ ಹಿಂದಿನ ಗ್ಯಾರೇಜಿನ ಭೋಜ ಕೊಡೆ ಹಿಡಿದು ಓಡಿಬಂದ.

"ಹ್ವಾಯ್ ನಾಗಕ್ಕ, ನೀರ್ ನನ್ ಮೆಟ್ಲಿಗ್ ಬಂತ್. ಹಲ್ಗಿ ತೆಗಿ ಮಾರಾಯ್ತಿ."

ನಾಗು ಬಾಟಲಿ ತುಂಬಿ, ಹಾಳೆ ಹಿಡಿದು, ಓದು ಅಂದಳು. ಭೋಜ ಕಣ್ಣು ಕಿರಿದು ಮಾಡಿ ಜೂನ್ ಅಂದ. ಕೆಳಗಿನದ್ದು ಓದು ಅಂದಳು. ಕೆಳಗಿನದ್ದು ಅವನಿಗೆ ಕಾಣಲಿಲ್ಲ. ಹಾಗಾದರೆ ಇನ್ನೂ ಸ್ವಲ್ಪ ತಡಿ ಎಂದು ಅವನನ್ನು ಹೊಂಡದ ಅಂಚಿಗೆ ಕರೆದು, ತೇಲುತ್ತಿದ್ದ ಎಣ್ಣೆಯನ್ನು ಕೋಲಿನಿಂದ ಸರಿಸಿ ತೋರಿಸಿದಳು. ಯಾರದ್ದೆಂದು ಹೇಳಲಿಲ್ಲ. ಭೋಜ ಕೋಲಿನ ತುದಿಯನ್ನು ಮೂಗಿನ ಹತ್ತಿರ ತಂದು ಮೂಸಿ, ತನ್ನ ಅಂಗೈ ನೋಡಿಕೊಂಡ. ಇಪ್ಪತ್ತು ವರ್ಷ ನೆಲಕ್ಕೆ ಚೆಲ್ಲಿದ್ದು ನೆಲದೊಳಗೇ ಹೋಯಿತೆಂದು ಅವನು ತಿಳಿದಿದ್ದ. ಒಂದು ಗಳಿಗೆ ಕಳೆದು ಮತ್ತೊಂದು ಬಾಟಲಿ ತುಂಬಿದಾಗ ಅವನೇ ಗಟ್ಟಿಯಾಗಿ ಓದಿದ, "ದಶಮಿ. ಹಸ್ತ. ಆಯ್ತಾ?" ಆಯಿತು ಅಂದಳು ನಾಗು. ಅದಕ್ಕೆಂದೇ ಬಸ್ರೂರಿನಿಂದ ಬಂದು ಕಾದಿದ್ದ ಸುಬ್ಬ ಹಲಗೆ ಎತ್ತಿದ. ಮರುವಾರ ಭೋಜನ ಗ್ಯಾರೇಜಿನಲ್ಲಿ ಪ್ರತಿ ಗಾಡಿಯ ಅಡಿಗೂ ತಗಡಿನ ತಟ್ಟೆ ಬಂತು. ಉಳಿದ ಗ್ಯಾರೇಜಿನವರಿಗೆ ಅವನೇ ಹೋಗಿ ಹೇಳಿ ಬಂದ, ತಾನೇ ಕಂಡುಹಿಡಿದವನ ಹಾಗೆ.

ಇಷ್ಟೆಲ್ಲ ಆದರೂ ದಿಬ್ಬದಲ್ಲಿ ಚಿಪ್ಪಿಲ್ಲ. 2005 ಹೋಯಿತು, 2006 ಹೋಯಿತು. ಕಾಲಿನ ಬೆರಳಿಗೆ ಸಿಗುತ್ತಿದ್ದದ್ದು ಬಾಯಿ ಬಿಟ್ಟ ಖಾಲಿ ಚಿಪ್ಪು ಮಾತ್ರ. ಹೆಂಗಸರು ದೂರದ ದಿಬ್ಬಕ್ಕೆ ದೋಣಿಯಲ್ಲಿ ಹೋಗಿ ಹೆಕ್ಕಿ ಬಂದು ದಿನ ತಳ್ಳಿದರು. ಬೈಂದೂರಿನಿಂದ ಚಂದ್ರಮತಿಯ ಎರಡನೆಯ ಕಾಗದ ಬಂತು. ನನ್ನ ಕಾಗದ ಮುಟ್ಟಲಿಲ್ಲವೋ ಏನೋ ಎಂದು ಮರ್ಯಾದೆಯಿಂದಲೇ ಕೇಳಿದ್ದಳು. ನಾಗು ಅದನ್ನೂ ಎತ್ತಿಟ್ಟಳು.

"ಚಿಪ್ಪ್ ಬಪ್ಪಲ್ಲಿವರಿಗೆ ನಾನ್ ಎಂತ ಬರಿಲಿ?" ಅಂದಳು.

"ಮಾಡದ್ ತಪ್ಪನ್ನೇ ಬರೆ," ಅಂದಳು ಪದ್ದು. "ಅಷ್ಟ್ ಬರದ್ರೂ ಆ ಹೆಂಗ್ಸಿಗೆ ಒಂದ್ ಮಳಿಗಾಲ ಉಳಿತಿತ್ತ್. ನಿಂಗ್ ಗೆದ್ದದ್ದೇ ಬರಿಕ್, ಅಲ್ದಾ?"

ಆ ಮಾತು ನಾಟಿತು. ನಾಟಿದರೂ ಕೈ ಬರಲಿಲ್ಲ. ಹಿಂದೊಮ್ಮೆ ಗೆದ್ದೆವೆಂದು ಬರೆದು ಬೆಳಗಾಗುವಷ್ಟರಲ್ಲಿ ಸೋತವಳು ಅವಳು. ಇನ್ನೊಂದು ಸಲ ಅಂಥ ಮಾತು ತನ್ನ ಕೈಯಿಂದ ಹೋಗಬಾರದು ಎನ್ನುವ ಹಟ.

2007ರ ಫೆಬ್ರವರಿಯಲ್ಲಿ ಬೆರಳಿಗೆ ಏನೋ ಹೊಸತು ತಾಗಿತು. ಎತ್ತಿ ನೋಡಿದರೆ ಕಿರುಬೆರಳ ಉಗುರಿನಷ್ಟು ಮರಿ ಚಿಪ್ಪು, ಬಾಯಿ ಬಿಗಿಯಾಗಿ ಮುಚ್ಚಿದ್ದು. ಬೊಗಸೆ ಮರಳಿಗೆ ಏಳೆಂಟು. ನಾಗು ಉಳಿದ ಹತ್ತು ಮಂದಿಯನ್ನೂ ಕರೆದು ತೋರಿಸಿ, ಬಂದ ಜಾಗಕ್ಕೇ ಬಿಟ್ಟಳು. ಒಂದು ವರ್ಷ ಯಾರೂ ದಿಬ್ಬಕ್ಕೆ ಬುಟ್ಟಿ ತರಬಾರದೆಂದು ಮಾತಾಯಿತು. ಬಾಯಿಬಡುಕಿ ಪದ್ದುವೇ ಕಾವಲು ನಿಂತಳು. ಮರಿ ಹೆಕ್ಕಲು ಬಂದ ಬೇರೆ ಕೇರಿಯವರಿಗೆ ಅವಳು ಏನೆಂದಳೋ, ಅವರು ಮತ್ತೆ ಆ ಕಡೆ ದೋಣಿ ತಿರುಗಿಸಲಿಲ್ಲ.

2008ರ ಜನವರಿಗೆ ದಿಬ್ಬ ತುಂಬಿತು. ಹಳೆಯ ಕಾಲದಷ್ಟು ಅಲ್ಲ, ಆದರೆ ಹನ್ನೊಂದು ಬುಟ್ಟಿಗೆ ಸಾಕಾಗುವಷ್ಟು. ಮೊದಲ ಬುಟ್ಟಿಯಿಂದ ಪ್ರೇಮಾನಂದ ಒಂದು ಪಾಲನ್ನು ಪರೀಕ್ಷೆಗೆ ಕಳಿಸಿದ. ತಿಂಗಳು ಕಳೆದು, ತಿನ್ನಲು ಅಡ್ಡಿಯಿಲ್ಲವೆಂದು ಬರಹದಲ್ಲೇ ಬಂತು. ಆಮೇಲೆ ಅವನೂ ಸುಬ್ಬನೂ ಭೋಜನೂ ನಾಗುವಿನ ಜಗುಲಿಯಲ್ಲಿ ಸಾಲಾಗಿ ಕುಳಿತು, ತೆಂಗಿನಕಾಯಿ ಅರೆದ ಚಿಪ್ಪಿನ ಸುಕ್ಕ ತಿಂದರು. ಘಟ್ಟದ ಮೇಲಿನವನಿಗೆ ಚಿಪ್ಪಿನಿಂದ ಮಾಂಸ ಬಿಡಿಸಲು ಬರುವುದಿಲ್ಲವೆಂದು ಪದ್ದು ಪಕ್ಕದಲ್ಲಿ ಕುಳಿತು ಕಲಿಸಿದಳು. ಸುಬ್ಬ ಕೈ ತೊಳೆದು, ಸಾಲಿಗ್ರಾಮದ ಕಡೆಯವರು ಕರೆಯುತ್ತಿದ್ದಾರೆ, ಅಡಿಯಿಲ್ಲದ ಕಟ್ಟ ನನ್ನ ಹೊರತು ಯಾರಿಂದಲೂ ಆಗುವುದಿಲ್ಲವಂತೆ ಅಂದ. ನಿಜವೇ ಆಗಿತ್ತು.

ಅವರೆಲ್ಲ ಹೋದ ಮೇಲೆ, ಮಧ್ಯಾಹ್ನದ ಬಿಸಿಲು ಇನ್ನೂ ಅಂಗಳದಲ್ಲಿರುವಾಗಲೇ, ನಾಗು ಹಳೆಯ ನೀಲಿ ಕಾಗದ ತೆಗೆದಳು. ಬಿಡಿಸಿ ಓದಿ, ಹರಿದು ಒಲೆಗೆ ಹಾಕಿದಳು. ಹೊಸತಾಗಿ ಬರೆದಳು.

'ಚಂದ್ರಮತಿಯವರಿಗೆ ಪಡುಕೇರಿಯ ನಾಗು ಮಾಡುವ ನಮಸ್ಕಾರ. ನಿಮ್ಮ ಎರಡೂ ಕಾಗದ ಮುಟ್ಟಿದ್ದವು. ನಾಲ್ಕು ವರ್ಷ ಉತ್ತರ ಬರೆಯದೆ ಇದ್ದದ್ದು ನನ್ನ ಜಂಬದಿಂದ. ಮೊದಲು ನಾವು ಕಟ್ಟ ಹಾಕಿದ್ದು ತಪ್ಪಾಯಿತು, ಅದು ಹೀಗೆ. ಅಡಿ ಮುಚ್ಚಿ ಕಟ್ಟಿದೆವು, ಎಣ್ಣೆ ಮೇಲಿಂದ ಹೋಯಿತು. ನೀವು ಹಾಗೆ ಮಾಡಬೇಡಿ. ಆ ವರ್ಷವೇ ಇದೊಂದು ಮಾತು ಬರೆದು ಹಾಕಿದ್ದರೆ ಸಾಕಿತ್ತು. ಈಗ ನಮ್ಮ ದಿಬ್ಬದಲ್ಲಿ ಚಿಪ್ಪು ಬಂದಿದೆ. ಬಂದು ನೋಡಿ, ನಿಮ್ಮ ಕಾಲಿನಿಂದಲೇ ಹೆಕ್ಕಿ ನೋಡಿ. ನಿಮ್ಮ ಕಟ್ಟಕ್ಕೆ ನಾವು ಹನ್ನೊಂದು ಮಂದಿಯೂ ಬರುತ್ತೇವೆ. ಮೊದಲ ಮಳೆಗೆ ಇನ್ನೂ ಎರಡು ತಿಂಗಳಿದೆ.'

ಕೆಳಗೆ ಎರಡು ಕಟ್ಟದ ಚಿತ್ರ ಬಿಡಿಸಿ, ನೀರು ಹೋಗುವ ದಾರಿಗೆ ಬಾಣ ಹಾಕಿದಳು. ಮರುದಿನ ಇಂಜಿನಿಯರಿಗೆ ತೋರಿಸಿದಾಗ ಅವನು ಒಂದು ಗೆರೆಯನ್ನೂ ತಿದ್ದಲಿಲ್ಲ. ತನ್ನ ಹೆಸರನ್ನು ಪೂರ್ತಿಯಾಗಿ ಬರೆದಳು, ಅದರ ಕೆಳಗೆ ಉಳಿದ ಹತ್ತು ಮಂದಿಯ ಹೆಸರನ್ನೂ.

ಪದ್ದು ಪೋಸ್ಟಾಫೀಸಿನ ತನಕ ಜೊತೆಗೆ ಬಂದಳು, ಎಲ್ಲಿ ಮತ್ತೆ ವಾಪಸು ತರುತ್ತಾಳೋ ಎನ್ನುವ ಗುಮಾನಿಯಿಂದ. ಕೌಂಟರಿನವನು ಲಕೋಟೆಯನ್ನು ತೂಗಿ, ಇನ್ನೊಂದು ಸ್ಟ್ಯಾಂಪು ಬೇಕು ಅಂದ. ನಾಗು ಅಂಟಿಸಿದಳು, ಅಂಚು ಏಳದ ಹಾಗೆ ಹೆಬ್ಬೆರಳಿನಿಂದ ಒತ್ತಿದಳು. ಬೈಂದೂರಿಗೆ ಯಾವಾಗ ಮುಟ್ಟುತ್ತದೆ ಎಂದು ಕೇಳಿದಳು. ನಾಳೆ, ತಪ್ಪಿದರೆ ನಾಡಿದ್ದು ಅಂದ.

"ಹಾಂಗಾರೆ ಈಗ್ಲೇ ಹೋಯ್ಲಿ," ಎಂದು ಅವಳು ಲಕೋಟೆಯನ್ನು ಕೆಂಪು ಡಬ್ಬಿಯ ಬಾಯಿಗೆ ಹಿಡಿದು, ಕೈ ಬಿಟ್ಟಳು.